ಏರುದಾರಿಯಲ್ಲಿ ಎರಡು ಸೆಕೆಂಡು

ನಿಲಕ್ಕೋಟ್ಟೈಯಿಂದ ವತ್ತಲಕುಂಡಿನ ಮಾರ್ಗವಾಗಿ ಕೊಡೈಕನಾಲಿಗೆ ಹೋಗಿಬಂದ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿರುವರು. ಬಯಲಿನಿಂದ ಹೊರಟ ವಾಹನವು ತಿರುವುಗಳನ್ನು ಸುತ್ತಿ ಸುತ್ತಿ, ಸಮುದ್ರಮಟ್ಟಕ್ಕಿಂತ ಸುಮಾರು 2,100 ಮೀಟರ್ ಎತ್ತರಕ್ಕೆ ಏರಬೇಕು. ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ಬಳಿ ವಾಹನಗಳ ಸಾಲು ನಿಂತಾಗ ಒಂದು ಸಂಗತಿಯನ್ನು ನೀವು ಕಂಡಿರಬಹುದು. ಮುಂದಿನ ಕಾರು ಹೊರಡುವ ಮುನ್ನ ತುಸು ಹಿಂದಕ್ಕೆ ಉರುಳಿ, ಆ ಬಳಿಕ ಮುಂದಕ್ಕೆ ಸಾಗುತ್ತದೆ. ಹೀಗೇಕಾಗುತ್ತದೆ? ಇದನ್ನು ತಡೆಯುವ ಉಪಾಯವೇನು? ಇವೇ ಈ ಲೇಖನದ ವಿಷಯ.

ಗೇರುಗಳನ್ನು ಕೈಯಿಂದ ಬದಲಿಸುವ ಕಾರಿನಲ್ಲಿ ಕಾಲಿನ ಕೆಳಗೆ ಮೂರು ಪೆಡಲುಗಳುಂಟು: ಕ್ಲಚ್, ಬ್ರೇಕ್ ಮತ್ತು ಆಕ್ಸಿಲರೇಟರ್. ಎಡಗಾಲು ಕ್ಲಚ್ಚಿಗೆ ಮೀಸಲು. ಉಳಿದೆರಡನ್ನೂ ಬಲಗಾಲೊಂದೇ ನೋಡಿಕೊಳ್ಳಬೇಕು. ಕ್ಲಚ್ಚನ್ನು ಒತ್ತಿದಾಗ ಎಂಜಿನ್ನಿಗೂ ಚಕ್ರಗಳಿಗೂ ಇರುವ ಸಂಬಂಧ ಕಡಿದುಹೋಗುತ್ತದೆ. ಮೆಲ್ಲಗೆ ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಬಲಗಾಲು ಬ್ರೇಕನ್ನು ಬಿಟ್ಟು ಆಕ್ಸಿಲರೇಟರಿಗೆ ಹೋಗುವ ಅಲ್ಪಕಾಲದಲ್ಲಿ, ಕ್ಲಚ್ಚು ಇನ್ನೂ ಹಿಡಿದಿರದಿದ್ದರೆ, ಕಾರಿಗೆ ಯಾವ ಆಧಾರವೂ ಇರುವುದಿಲ್ಲ. ಆಗ ಭೂಮಿಯ ಆಕರ್ಷಣೆಯು ಅದನ್ನು ಇಳಿಜಾರಿನತ್ತ ಎಳೆಯುತ್ತದೆ.

ಈ ಸೆಳೆತವೆಷ್ಟೆಂಬುದನ್ನು ಲೆಕ್ಕ ಮಾಡಿ ನೋಡೋಣ. ಕಾರಿನ ತೂಕ 1,000 ಕಿಲೋಗ್ರಾಂ ಎಂದೂ, ರಸ್ತೆಯು ಪ್ರತಿ 10 ಮೀಟರಿಗೆ 1 ಮೀಟರ್ ಏರುತ್ತದೆಂದೂ ಇಟ್ಟುಕೊಳ್ಳಿರಿ. ಹಿಂದಕ್ಕೆಳೆಯುವ ಬಲವು ತೂಕದ ಹತ್ತನೆಯ ಒಂದು ಪಾಲು, ಅಂದರೆ 100 ಕಿಲೋಗ್ರಾಂ ಭಾರಕ್ಕೆ ಸಮಾನ. ಘರ್ಷಣೆಯನ್ನು ಬಿಟ್ಟು ಎಣಿಸಿದರೆ, ಒಂದು ಸೆಕೆಂಡಿನಲ್ಲಿ ಕಾರು ಸುಮಾರು ಅರ್ಧ ಮೀಟರ್ ಉರುಳುತ್ತದೆ. ಎರಡು ಸೆಕೆಂಡುಗಳಲ್ಲಿ ಸುಮಾರು ಎರಡು ಮೀಟರ್! ಕಾಲವು ಎರಡರಷ್ಟಾದರೆ ದೂರವು ನಾಲ್ಕರಷ್ಟಾಗುವುದೆಂಬುದನ್ನು ಗಮನಿಸಿರಿ. ಹಿಂದೆ ಒಂದು ಮೀಟರ್ ಅಂತರದಲ್ಲಿ ಯಾರಾದರೂ ನಿಂತಿದ್ದರೆ, ಚಾಲಕನ ಕ್ಷಣಕಾಲದ ತಡವರಿಕೆ ಅವರ ಪ್ರಾಣಕ್ಕೇ ಮುಳುವಾದೀತು.

ಇದಕ್ಕೆ ಹಿಂದಿನಿಂದ ಬಂದ ಉಪಾಯವೆಂದರೆ ಹ್ಯಾಂಡ್‌ಬ್ರೇಕು. ಚಾಲಕನು ಹ್ಯಾಂಡ್‌ಬ್ರೇಕನ್ನು ಎಳೆದು ಮೊದಲನೆಯ ಗೇರನ್ನು ಹಾಕುತ್ತಾನೆ; ಆಕ್ಸಿಲರೇಟರನ್ನು ತುಸು ಒತ್ತಿ, ಕ್ಲಚ್ಚನ್ನು ಮೆಲ್ಲಗೆ ಮೇಲೆತ್ತುತ್ತಾನೆ. ಕ್ಲಚ್ಚು ಕಚ್ಚಿಕೊಂಡೊಡನೆ ಎಂಜಿನ್ನಿನ ಧ್ವನಿ ತಗ್ಗಿ, ಕಾರು ಮುಂದಕ್ಕೆ ತುಯ್ಯುತ್ತದೆ. ಆಗಲೇ ಹ್ಯಾಂಡ್‌ಬ್ರೇಕನ್ನು ಸಡಿಲಿಸಬೇಕು. ಏರಿನಲ್ಲಿ ನಿಲ್ಲಿಸಿದ ವಾಹನವನ್ನು ಹಿಂದಕ್ಕೆ ಬಿಡದೆ ಹೊರಡಿಸುವ ಈ ಕೌಶಲವು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೇಳಿರುವ ಚಾಲನಾ ಪರೀಕ್ಷೆಯ ಒಂದು ಅಂಗವೂ ಆಗಿದೆ.

ಯಂತ್ರವೇ ಈ ಕೆಲಸಕ್ಕೆ ನೆರವಾಗಬಾರದೇಕೆಂಬ ಯೋಚನೆ ಹೊಸದಲ್ಲ. ಅಮೆರಿಕೆಯ ಸ್ಟುಡಿಬೇಕರ್ ಕಾರುಗಳಲ್ಲಿ 1936ರಲ್ಲಿಯೇ ‘ಹಿಲ್ ಹೋಲ್ಡರ್’ ಎಂಬ ಸಾಧನ ಬಂದಿತು. ಅದರೊಳಗೆ ಒಂದು ಚಿಕ್ಕ ಗುಂಡು. ಕಾರು ಏರಿನಲ್ಲಿ ನಿಂತಾಗ ಆ ಗುಂಡು ಹಿಂದಕ್ಕೆ ಹೊರಳಿ, ಬ್ರೇಕ್ ಆಯಿಲ್ ಹಿಂದಿರುಗುವ ದಾರಿಯನ್ನು ಮುಚ್ಚುತ್ತಿತ್ತು. ಚಾಲಕನು ಕ್ಲಚ್ಚನ್ನು ಒತ್ತಿಕೊಂಡಿರುವವರೆಗೆ ಬ್ರೇಕಿನ ಹಿಡಿತ ಉಳಿಯುತ್ತಿತ್ತು. ಕ್ಲಚ್ಚನ್ನು ಬಿಟ್ಟಾಗ ದಾರಿ ತೆರೆಯುತ್ತಿತ್ತು. ಕಾರನ್ನು ಹಿಂದಕ್ಕೆಳೆಯುವ ಆಕರ್ಷಣೆಯನ್ನೇ ಕಾರನ್ನು ತಡೆಯಲು ಬಳಸಿಕೊಂಡ ಈ ಯುಕ್ತಿ ಮೆಚ್ಚತಕ್ಕದ್ದು.

ಈಗಿನ ಅನೇಕ ಕಾರುಗಳಲ್ಲಿರುವ ‘ಹಿಲ್ ಸ್ಟಾರ್ಟ್ ಅಸಿಸ್ಟ್’ ಎಂಬುದು ಇದೇ ಯೋಚನೆಯ ಹೊಸ ರೂಪ. ಗುಂಡಿನ ಬದಲು ವಿದ್ಯುತ್ ಸಂವೇದಕಗಳು ರಸ್ತೆಯ ಏರನ್ನೂ ಕಾರು ನಿಂತಿರುವುದನ್ನೂ ಅರಿಯುತ್ತವೆ. ಚಾಲಕನು ಬ್ರೇಕಿನಿಂದ ಕಾಲನ್ನು ತೆಗೆದ ಮೇಲೂ ಕವಾಟವೊಂದು ಬ್ರೇಕಿನ ಒತ್ತಡವನ್ನು ಸಾಮಾನ್ಯವಾಗಿ ಸುಮಾರು ಎರಡು ಸೆಕೆಂಡುಗಳ ಕಾಲ ಹಿಡಿದಿಡುತ್ತದೆ. ಎಂಜಿನ್ನಿನ ಶಕ್ತಿಯು ಚಕ್ರಗಳಿಗೆ ಸಾಕಷ್ಟು ತಲುಪಿದೊಡನೆ ಹಿಡಿತ ತಾನಾಗಿ ಬಿಡುತ್ತದೆ.

ಆದರೆ ಈ ಸಾಧನದ ಮಿತಿಯನ್ನು ತಿಳಿಯದೆ ಅದನ್ನು ನಂಬುವುದು ಅಪಾಯಕರ. ಆ ಎರಡು ಸೆಕೆಂಡು ಕಳೆದರೆ, ಚಾಲಕನು ಸಿದ್ಧನಿರಲಿ ಇಲ್ಲದಿರಲಿ, ಬ್ರೇಕು ಬಿಟ್ಟುಹೋಗುತ್ತದೆ. ಆಗ ಕೂಡಲೇ ಕಾಲಿನ ಬ್ರೇಕನ್ನು ಒತ್ತಬೇಕು. ಇದನ್ನು ನಂಬಿ ಕಾರಿನಿಂದ ಇಳಿಯುವುದಂತೂ ಕೂಡದು. ಒದ್ದೆಯಾದ ರಸ್ತೆಯಲ್ಲಿ ಟೈರೇ ಜಾರಿದರೆ ಈ ಸಾಧನವು ಏನನ್ನೂ ಮಾಡಲಾರದು. ಆದುದರಿಂದ ಹೊಸ ಕಾರನ್ನು ಕೊಂಡವರೂ ಹ್ಯಾಂಡ್‌ಬ್ರೇಕಿನ ಅಭ್ಯಾಸವನ್ನು ಬಿಡಬಾರದು.

ಪೋಷಕರು ಇನ್ನೊಂದು ಮಾತನ್ನು ನೆನಪಿಡಬೇಕು. ನಮ್ಮ ಕಾರಿನಲ್ಲಿ ಈ ಸಾಧನವಿದ್ದರೂ ಮುಂದಿನ ವಾಹನದಲ್ಲಿ ಇಲ್ಲದಿರಬಹುದು. ಬೋಡಿಮೆಟ್ಟಿನ ತಿರುವುಗಳಲ್ಲಿಯೂ, ಶಬರಿಮಲೆಯ ಯಾತ್ರಿಕರಿಂದ ತುಂಬಿದ ಕುಮುಳಿಯ ಘಟ್ಟದಲ್ಲಿಯೂ, ಮುಂದಿನ ವಾಹನದ ಹಿಂಚಕ್ರಗಳು ನೆಲವನ್ನು ಮುಟ್ಟುವ ಜಾಗ ನಮಗೆ ಕಾಣುವಷ್ಟು ಅಂತರವನ್ನು ಬಿಟ್ಟೇ ನಿಲ್ಲಬೇಕು. ಇಕ್ಕಟ್ಟಾದ ಘಟ್ಟದ ದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬುದು ರಸ್ತೆಯ ನಿಯಮ. ಏರಿನ ನಡುವೆ ನಿಂತು ಮತ್ತೆ ಹೊರಡುವುದು ಎಷ್ಟು ಕಠಿನವೆಂಬುದನ್ನು ತಿಳಿದವರಿಗೆ ಈ ನಿಯಮದ ಔಚಿತ್ಯವು ಸುಲಭವಾಗಿ ಹೊಳೆಯುವುದು.

ಮಕ್ಕಳೇ, ನಿಮಗೂ ಎರಡು ಕರ್ತವ್ಯಗಳುಂಟು. ಏರಿನಲ್ಲಿ ನಿಂತ ವಾಹನದ ಹಿಂದೆ ಎಂದಿಗೂ ನಿಲ್ಲಬೇಡಿರಿ, ಹಾಯಬೇಡಿರಿ. ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕಲ್ಲನ್ನು ಅಡ್ಡ ಕೊಡುವುದನ್ನು ನೋಡಿರುವಿರಷ್ಟೆ. ಲಾರಿ ಹೊರಟ ಮೇಲೆ ಆ ಕಲ್ಲನ್ನು ರಸ್ತೆಯ ನಡುವೆಯೇ ಬಿಟ್ಟುಹೋಗುವವರುಂಟು. ರಾತ್ರಿ ಬರುವ ಸೈಕಲ್ ಸವಾರನಿಗೆ ಅದೇ ಮೃತ್ಯುವಾದೀತು. ನಿಮ್ಮ ಮನೆಯ ವಾಹನಕ್ಕೆ ಕಲ್ಲನ್ನು ಕೊಟ್ಟಾಗ, ಅದನ್ನು ತೆಗೆದು ಬದಿಗಿಡುವಂತೆ ಹಿರಿಯರಿಗೆ ನೆನಪು ಮಾಡಿರಿ.

ಕೊನೆಯದಾಗಿ ಒಂದು ಪ್ರಶ್ನೆ: 1,200 ಕಿಲೋಗ್ರಾಂ ತೂಕದ ಕಾರು, 12 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ನಿಂತಿದೆ. ಅದನ್ನು ಹಿಂದಕ್ಕೆಳೆಯುವ ಬಲವು ಎಷ್ಟು ಭಾರಕ್ಕೆ ಸಮ? ಉತ್ತರವನ್ನು ಕಂಡುಹಿಡಿದು, ನಿಮ್ಮ ಮನೆಯಲ್ಲಿ ಕಾರು ನಡೆಸುವವರಿಗೂ ವಿವರಿಸಿರಿ.