ನಮ್ಮ ಪ್ರೌಢಶಾಲೆಯ ಲೆಕ್ಕವನ್ನು ಓದುವ ಬಗೆ



ಸುಗ್ಗಿ ಮುಗಿದು ಕಣದಲ್ಲಿ ರಾಶಿ ಅಳೆಯುವಾಗ ನೀವು ಏನೇನು ಲೆಕ್ಕ ಹಾಕುತ್ತೀರಿ? ಎಷ್ಟು ಮೂಟೆ ಬಂತು ಎಂಬುದೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಎಷ್ಟು ಎಕರೆಗೆ ಬಿತ್ತಿದ್ದೆವು, ಬೀಜ ಎಷ್ಟು ಮೊಳೆಯಿತು, ಮಳೆ ಯಾವಾಗ ಕೈಕೊಟ್ಟಿತು, ಗೊಬ್ಬರ ಸಕಾಲಕ್ಕೆ ಸಿಕ್ಕಿತೇ ಇಲ್ಲವೇ, ಇಷ್ಟನ್ನೂ ಕೂಡಿಸಿ ಕಳೆದು ಆ ಮೇಲೆ ‘ಈ ವರ್ಷ ಬೆಳೆ ಪರವಾಗಿಲ್ಲ’ ಎಂದೋ ‘ಕೈಕಚ್ಚಿತು’ ಎಂದೋ ಹೇಳುತ್ತೀರಿ.

ನಮ್ಮ ಮಕ್ಕಳು ಓದುವ ಪ್ರೌಢಶಾಲೆಯ ವಿಷಯದಲ್ಲಿ ಮಾತ್ರ ಈ ಎಚ್ಚರ ನಮಗೆ ಸಾಲದು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ‘ನಮ್ಮ ಶಾಲೆಗೆ ನೂರಕ್ಕೆ ತೊಂಬತ್ತು’ ಎಂದು ಯಾರೋ ಹೇಳುತ್ತಾರೆ. ಕೇಳಿ ಹಿಗ್ಗುತ್ತೇವೆ. ಇನ್ನೊಂದು ವರ್ಷ ‘ನೂರಕ್ಕೆ ಐವತ್ತು’ ಎಂದರೆ ಮೇಷ್ಟರನ್ನು ಬಯ್ಯುತ್ತೇವೆ. ಎರಡು ದಿನ ಕಳೆದ ಮೇಲೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆ ಒಂದು ಅಂಕಿಯ ಹಿಂದೆ ಏನಿದೆ, ಅದನ್ನು ಓದುವುದು ಹೇಗೆ, ಊರಿನ ಮುಂದೆ ಓದಿ ಹೇಳುವುದು ಹೇಗೆ ಎಂಬುದೇ ಈ ಸಂಚಿಕೆಯ ಪಾಠ.

1. ನೂರಕ್ಕೆ ಎಷ್ಟು? ಯಾವ ನೂರಕ್ಕೆ?

ತಿಳಿವಳಿಕೆಗಾಗಿ ಒಂದು ಲೆಕ್ಕ ಮಾಡೋಣ. ಇವು ಯಾವ ಊರಿನ ಶಾಲೆಯ ಅಂಕಿಗಳೂ ಅಲ್ಲ, ಉದಾಹರಣೆ ಮಾತ್ರ.

ಎರಡು ಶಾಲೆಗಳಿವೆ ಎಂದಿಟ್ಟುಕೊಳ್ಳಿ. ಎರಡರಲ್ಲಿಯೂ ಒಂದೇ ವರ್ಷ ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರು.

ಮೊದಲನೆಯ ಶಾಲೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 40. ತೇರ್ಗಡೆಯಾದವರು 36. ಫಲಿತಾಂಶ ನೂರಕ್ಕೆ 90.

ಎರಡನೆಯ ಶಾಲೆಯಲ್ಲಿ ಪರೀಕ್ಷೆಗೆ ಕುಳಿತವರು 56. ತೇರ್ಗಡೆಯಾದವರು 45. ಫಲಿತಾಂಶ ನೂರಕ್ಕೆ ಸುಮಾರು 80.

ಪತ್ರಿಕೆಯಲ್ಲಿ ಬರುವುದು ಮೊದಲನೆಯ ಶಾಲೆಯ ಹೆಸರು. ಹಾರ ಬೀಳುವುದೂ ಅದಕ್ಕೇ. ಆದರೆ ಸೇರಿದ 60 ಮಕ್ಕಳಿಂದ ಲೆಕ್ಕ ಹಿಡಿದು ನೋಡಿ. ಮೊದಲನೆಯ ಶಾಲೆ ದಡ ಸೇರಿಸಿದ್ದು 36 ಮಕ್ಕಳನ್ನು, ಎಂದರೆ ನೂರಕ್ಕೆ 60. ಎರಡನೆಯದು 45 ಮಕ್ಕಳನ್ನು, ಎಂದರೆ ನೂರಕ್ಕೆ 75. ಬಿತ್ತಿದ ಬೀಜವನ್ನು ಮರೆತು, ಉಳಿದ ಪೈರನ್ನು ಮಾತ್ರ ಎಣಿಸಿದರೆ ಯಾವ ಹೊಲವೂ ಚೆನ್ನಾಗಿಯೇ ಕಾಣುತ್ತದೆ.

ಹಾಗಾದರೆ ಮೊದಲನೆಯ ಶಾಲೆಯ ಉಳಿದ 20 ಮಕ್ಕಳು ಎಲ್ಲಿ ಹೋದರು? ಈ ಪಾಠದಲ್ಲಿ ನೀವು ನೆನಪಿಡಬೇಕಾದ ಪ್ರಶ್ನೆ ಇದೊಂದೇ. ಕೆಲವರು ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಸೇರಿರಬಹುದು. ಅದು ಶಾಲೆಯ ತಪ್ಪಲ್ಲ. ಕೆಲವರು ತಂದೆತಾಯಿಯೊಡನೆ ಗುಳೆ ಹೋಗಿರಬಹುದು. ಒಬ್ಬ ಹುಡುಗ ಗ್ಯಾರೇಜು ಸೇರಿರಬಹುದು. ಒಬ್ಬ ಹುಡುಗಿಗೆ ಹದಿನೆಂಟು ತುಂಬುವ ಮೊದಲೇ, ಕಾನೂನಿಗೆ ವಿರುದ್ಧವಾಗಿ, ಮದುವೆಯಾಗಿರಬಹುದು. ಒಂಬತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಗುವಿಗೆ ‘ನಿನ್ನಿಂದ ಆಗುವುದಿಲ್ಲ, ಶಾಲೆಯ ಫಲಿತಾಂಶ ಕೆಡುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಫಲಿತಾಂಶದ ಪಟ್ಟಿಯಲ್ಲಿ ಈ ಮಕ್ಕಳು ನಪಾಸಾದವರೆಂದೂ ಕಾಣುವುದಿಲ್ಲ. ಅವರು ಪಟ್ಟಿಯಲ್ಲಿಯೇ ಇರುವುದಿಲ್ಲ.

ಆದುದರಿಂದ ಶಾಲೆಯ ಲೆಕ್ಕವನ್ನು ಎಂಟನೆಯ ತರಗತಿಯ ದಾಖಲಾತಿಯಿಂದಲೇ ಹಿಡಿಯತಕ್ಕದ್ದು. ನಡುವೆ ಬಂದು ಸೇರಿದ ಮಕ್ಕಳನ್ನು ಬೇರೆಯಾಗಿ ತೋರಿಸಬೇಕು. ಬಿಟ್ಟುಹೋದವರ ಕಾರಣವನ್ನೂ ಬರೆಯಬೇಕು. ಹುಡುಗರೆಷ್ಟು, ಹುಡುಗಿಯರೆಷ್ಟು, ಯಾವ ಊರಿನವರೆಷ್ಟು ಎಂದು ಬಿಡಿಸಿದರೆ ತೊಂದರೆ ಎಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

2. ಒಂದು ವರ್ಷದ ಅಂಕಿಯಿಂದ ತೀರ್ಪು ಬೇಡ

ಒಂದು ಮಳೆ ನೋಡಿ ಹೊಲ ಮಾರುವವರುಂಟೇ? ಫಲಿತಾಂಶವೂ ಹಾಗೆಯೇ. ಹತ್ತನೆಯ ತರಗತಿಯಲ್ಲಿ 20 ಮಕ್ಕಳಿರುವ ಚಿಕ್ಕ ಶಾಲೆಯಲ್ಲಿ ಒಂದು ಮಗು ಹೆಚ್ಚುಕಡಿಮೆಯಾದರೆ ನೂರಕ್ಕೆ 5 ಏರುತ್ತದೆ ಅಥವಾ ಇಳಿಯುತ್ತದೆ. ಅಂಥ ಶಾಲೆಯ ಅಂಕಿಯನ್ನು ಕನಿಷ್ಠ ಮೂರು ವರ್ಷ ಕೂಡಿಸಿ ನೋಡಬೇಕು.

ಪರೀಕ್ಷೆ ನಡೆದ ರೀತಿಯೂ ಗಮನದಲ್ಲಿರಬೇಕು. ಕರ್ನಾಟಕದಲ್ಲಿ 2023ರ ಎಸ್.ಎಸ್.ಎಲ್.ಸಿ. ಫಲಿತಾಂಶ ನೂರಕ್ಕೆ 83.89 ಇತ್ತು. 2024ರ ಮೊದಲ ಪರೀಕ್ಷೆಯಲ್ಲಿ ಅದು 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು, ಕುಳಿತಲ್ಲಿಂದಲೇ ಅಧಿಕಾರಿಗಳು ನೋಡುವ ವ್ಯವಸ್ಥೆಯಾಯಿತು. ಕೃಪಾಂಕವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಿಯೂ ಫಲಿತಾಂಶ ಕುಸಿದಿತ್ತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾದರೆಂದು ಇದರ ಅರ್ಥವಲ್ಲ. ಅಳೆಯುವ ಕೊಳಗ ಬದಲಾಯಿತು. ಅದೂ ಅಲ್ಲದೆ, 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ‘ಇಷ್ಟು ಜನ ಪಾಸು’ ಎಂದಾಗ ಅದು ಮೊದಲ ಪರೀಕ್ಷೆಯ ಲೆಕ್ಕವೋ ಎಲ್ಲ ಸೇರಿದ ಲೆಕ್ಕವೋ ಎಂದು ಕೇಳಬೇಕು. ಹಳೆಯ ಕೊಳಗದ ರಾಶಿಯನ್ನು ಹೊಸ ಕೊಳಗದ ರಾಶಿಯೊಡನೆ ಹೋಲಿಸಬಾರದು.

3. ‘ಇದೆ’ ಎಂಬ ಮಾತು ಸಾಲದು

ಫಲಿತಾಂಶ ಬೆಳೆಯಾದರೆ ಶಾಲೆಯ ಸ್ಥಿತಿಗತಿ ನೆಲ, ನೀರು, ಗೊಬ್ಬರವಿದ್ದಂತೆ. ವರದಿಯ ಪತ್ರದಲ್ಲಿ ಕೊಠಡಿ ಇದೆ, ಶೌಚಾಲಯ ಇದೆ, ಪ್ರಯೋಗಾಲಯ ಇದೆ ಎಂದು ಬರೆದಿರುತ್ತದೆ. ಬಾವಿ ಇದೆ ಎಂದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ. ಆದುದರಿಂದ ಪ್ರತಿ ‘ಇದೆ’ಯ ಮುಂದೆ ಇನ್ನೊಂದು ಪ್ರಶ್ನೆ ಹಾಕಿರಿ.

ಶಿಕ್ಷಕರು: ಪ್ರೌಢಶಾಲೆಯಲ್ಲಿ ಪಾಠ ವಿಷಯವಾರು ನಡೆಯುತ್ತದೆ. ಶಿಕ್ಷಕರ ಒಟ್ಟು ಸಂಖ್ಯೆ ಸರಿಯಿದ್ದರೂ ಗಣಿತಕ್ಕೆ ಯಾರೂ ಇಲ್ಲದಿರಬಹುದು. ಯಾವ ವಿಷಯದ ಹುದ್ದೆ ಖಾಲಿ ಇತ್ತು, ಎಷ್ಟು ತಿಂಗಳು ಖಾಲಿ ಇತ್ತು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದು ಕೇಳಿರಿ. ಜೂನ್‌ನಲ್ಲಿ ಬರಬೇಕಾದವರು ಸೆಪ್ಟೆಂಬರ್‌ನಲ್ಲಿ ಬಂದರೆ, ಬಿತ್ತನೆ ಕಾಲದಲ್ಲಿ ಬಾರದ ಬೀಜ ಕಳೆ ಕೀಳುವ ಹೊತ್ತಿಗೆ ಬಂದ ಹಾಗೆ.

ಶೌಚಾಲಯ: ಎಷ್ಟು ಕಟ್ಟಿದ್ದಾರೆ ಎಂಬುದನ್ನು ಬಿಟ್ಟು, ಇಂದು ಎಷ್ಟಕ್ಕೆ ನೀರಿದೆ, ಎಷ್ಟಕ್ಕೆ ಬಾಗಿಲ ಅಗುಳಿ ಇದೆ ಎಂದು ಎಣಿಸಿರಿ. ದೊಡ್ಡ ಹೆಣ್ಣುಮಕ್ಕಳು ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸುವುದಕ್ಕೆ ಇದೇ ಕಾರಣವಾಗಿರಬಹುದು. ತಾಯಂದಿರು ಕೇಳಿದರೆ ಅವರು ಹೇಳುತ್ತಾರೆ.

ಪ್ರಯೋಗಾಲಯ: ಈ ವರ್ಷ ಮಕ್ಕಳು ತಮ್ಮ ಕೈಯಿಂದಲೇ ಎಷ್ಟು ಪ್ರಯೋಗ ಮಾಡಿದರು? ಬೀರುವಿನ ಬೀಗದ ಕೈ ಯಾರಲ್ಲಿದೆ?

ಪಾಠದ ದಿನಗಳು: 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ದಿನ ಪಾಠ ನಡೆಯಬೇಕು. ಎಂಟನೆಯ ತರಗತಿ ನಿಮ್ಮ ಪ್ರೌಢಶಾಲೆಯಲ್ಲಿದ್ದರೆ ಅಲ್ಲಿಗೂ ಇದು ಅನ್ವಯಿಸುತ್ತದೆ. ಎಷ್ಟು ದಿನ ನಡೆಯಿತು?

ದಾರಿ: ಪ್ರೌಢಶಾಲೆ ಊರಿಗೊಂದು ಇರುವುದಿಲ್ಲ. ಮಕ್ಕಳು ಎಷ್ಟು ದೂರದಿಂದ ಬರುತ್ತಾರೆ, ಶಾಲೆ ಬಿಟ್ಟ ಮೇಲೆ ಬಸ್ಸು ಎಷ್ಟು ಹೊತ್ತಿಗೆ ಇದೆ? ಬಸ್ಸಿನ ಸಮಯ ಅರ್ಧ ಗಂಟೆ ಬದಲಾದರೂ ಒಂದು ಊರಿನ ಹೆಣ್ಣುಮಕ್ಕಳ ಓದು ನಿಲ್ಲಬಹುದು.

4. ಲೆಕ್ಕ ಸಿಗುವುದೆಲ್ಲಿ?

ಮೊದಲು ಮುಖ್ಯೋಪಾಧ್ಯಾಯರನ್ನೇ ಕೇಳಿರಿ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ ಅವರಲ್ಲಿಯೇ ಇವೆ. ಶಾಲಾಭಿವೃದ್ಧಿ ಸಮಿತಿಯ ಸಭೆ ಅಥವಾ ಪೋಷಕರ ಸಭೆಯಲ್ಲಿ ವಿನಯದಿಂದ ಕೇಳಿದರೆ ಎಷ್ಟೋ ವೇಳೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಎರಡನೆಯದಾಗಿ, ದೇಶದ ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇದೆ. ಕರ್ನಾಟಕದ ಶಾಲೆಗಳದು 29ರಿಂದ ಆರಂಭವಾಗುತ್ತದೆ. ಕೊಠಡಿ, ನೀರು, ಶೌಚಾಲಯ, ಶಿಕ್ಷಕರು, ಮಕ್ಕಳು ಇವುಗಳ ವಿವರವನ್ನು ಶಾಲೆಯೇ ತುಂಬಿ ಕಳಿಸುತ್ತದೆ. ಈ ಸಂಖ್ಯೆ ಹಿಡಿದು ಶಾಲೆಯ ವರದಿ ಪತ್ರವನ್ನು ಅಂತರಜಾಲದಲ್ಲಿ ನೋಡಬಹುದು. ನಿಮಗೆ ಬಾರದಿದ್ದರೆ ಮನೆಯಲ್ಲಿ ಮೊಬೈಲು ಬಲ್ಲ ಮಕ್ಕಳಿಂದ ತೆಗೆಸಿರಿ. ಆ ಪತ್ರವನ್ನು ಕೈಯಲ್ಲಿ ಹಿಡಿದು ಒಮ್ಮೆ ಶಾಲೆಯನ್ನು ಸುತ್ತಿ ಬನ್ನಿ. ಬರೆದದ್ದೂ ಕಂಡದ್ದೂ ಒಂದೇ ಆದರೆ ಸಂತೋಷ. ಬೇರೆಯಾದರೆ ಸಮಿತಿಯಲ್ಲಿ ಕೇಳಿ, ತಿದ್ದಿಸಿರಿ.

ಮೂರನೆಯದು, 2005ರ ಮಾಹಿತಿ ಹಕ್ಕು ಕಾಯಿದೆ. ಬೇರೆ ದಾರಿ ಫಲಿಸದಿದ್ದರೆ ಸರ್ಕಾರಿ ಶಾಲೆಯ ಲೆಕ್ಕವನ್ನು ಅರ್ಜಿ ಹಾಕಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವಿಲ್ಲ. ಏಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

5. ಓದಿ ಹೇಳಿದ ಲೆಕ್ಕಕ್ಕೆ ಬಲ ಹೆಚ್ಚು

ಕಡತದಲ್ಲಿ ಮಲಗಿದ ಲೆಕ್ಕ ಯಾರಿಗೂ ಉಪಯೋಗವಿಲ್ಲ. ಮಾಹಿತಿ ಹಕ್ಕಿನ ಬೇರು ಇರುವುದೂ ಹಳ್ಳಿಯ ಸಭೆಯಲ್ಲಿಯೇ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ರೈತರೂ ಕೂಲಿಕಾರರೂ ಸೇರಿ, ಸರ್ಕಾರಿ ಕಾಮಗಾರಿಯ ಲೆಕ್ಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿದರು. ಕಾಗದದಲ್ಲಿರುವುದು ನಿಜವೋ ಸುಳ್ಳೋ ಎಂದು ಕೇಳುತ್ತ ಕುಳಿತವರೇ ಹೇಳಬಲ್ಲವರಾದರು. ಅಂಥ ಸಭೆಗಳಿಂದ ಬೆಳೆದ ಚಳವಳಿ 2005ರ ಕಾಯಿದೆಗೆ ದಾರಿಮಾಡಿತು.

ಶಾಲೆಗಳ ವಿಷಯದಲ್ಲಿಯೇ ಇನ್ನೊಂದು ಅನುಭವ ಆಫ್ರಿಕಾದ ಉಗಾಂಡ ದೇಶದಿಂದ ಬಂದಿದೆ. 1991ರಿಂದ 1995ರ ವರೆಗೆ ಅಲ್ಲಿ ಪ್ರಾಥಮಿಕ ಶಾಲೆಗಳ ಖರ್ಚಿಗೆಂದು ಸರ್ಕಾರ ಕೊಟ್ಟ ಅನುದಾನದಲ್ಲಿ ಶಾಲೆಗೆ ತಲುಪುತ್ತಿದ್ದುದು ಸರಾಸರಿ ನೂರರಲ್ಲಿ 13 ಪಾಲು ಮಾತ್ರ. ಆ ಮೇಲೆ ಎಷ್ಟು ಹಣ ಬಿಡುಗಡೆಯಾಯಿತೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು, ಶಾಲೆಯ ಗೋಡೆಗೂ ಅಂಟಿಸಿದರು. 2001ರ ಹೊತ್ತಿಗೆ ನೂರರಲ್ಲಿ 80ಕ್ಕೂ ಹೆಚ್ಚು ಪಾಲು ತಲುಪತೊಡಗಿತು. ಬೇರೆ ಸುಧಾರಣೆಗಳೂ ಜೊತೆಗಿದ್ದವು ನಿಜ. ಆದರೂ ಬರಬೇಕಾದದ್ದೆಷ್ಟು ಎಂದು ತಿಳಿದ ತಂದೆತಾಯಿಗಳ ಪ್ರಶ್ನೆಗೆ ಇದ್ದ ಬಲವನ್ನು ಯಾರೂ ಅಲ್ಲಗಳೆಯುವುದಿಲ್ಲ.

ನಮ್ಮಲ್ಲಿ ಇದು ಹೇಗೆ ನಡೆಯಬಹುದು? ಒಂದು ಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಖ್ಯೋಪಾಧ್ಯಾಯರು ಲೆಕ್ಕ ಓದಿ ಮುಗಿಸಿದ್ದಾರೆ. ಹಿರಿಯ ರೈತರೊಬ್ಬರು ಎದ್ದು ಕೇಳುತ್ತಾರೆ:

‘ಮೇಷ್ಟ್ರೇ, ಎಂಟಕ್ಕೆ ಐವತ್ತೆರಡು ಅಂದ್ರಿ. ಹತ್ತಕ್ಕೆ ನಲವತ್ತೊಂದು ಅಂದ್ರಿ. ಹನ್ನೊಂದು ಮಕ್ಕಳು?’

‘ನಾಲ್ವರು ಟಿ.ಸಿ. ತಗೊಂಡು ಪಟ್ಟಣದ ಶಾಲೆಗೆ ಹೋದರು, ಯಜಮಾನರೇ. ಏಳು ಜನ ಬರ್ತಿಲ್ಲ. ಅದರಲ್ಲಿ ಐವರು ಕೆರೆಯಾಚೆಯ ಹಟ್ಟಿಯ ಹುಡುಗಿಯರು. ಸಂಜೆ ಬಸ್ಸು ನಿಂತ ಮೇಲೆ ಬರೋದು ಬಿಟ್ಟರು.’

‘ಅಯ್ಯೋ, ಇಷ್ಟು ದಿನ ಹೇಳಬಾರದಿತ್ತೇ?’

‘ಇಷ್ಟು ದಿನ ಯಾರೂ ಕೇಳಲಿಲ್ಲ, ಯಜಮಾನರೇ.’

ಇಲ್ಲಿ ಯಾರ ಮೇಲೂ ಯಾರೂ ಕೂಗಾಡಲಿಲ್ಲ. ತೊಂದರೆ ಪಾಠದಲ್ಲಿಲ್ಲ, ಬಸ್ಸಿನಲ್ಲಿದೆ ಎಂದು ಊರಿಗೆ ತಿಳಿಯಿತು. ಬಸ್ಸಿಗಾಗಿ ಪಂಚಾಯಿತಿಯಿಂದ ಬರೆಸಬಹುದು. ಅಲ್ಲಿಯವರೆಗೆ ಊರವರೇ ಬೇರೆ ಏರ್ಪಾಡು ಯೋಚಿಸಬಹುದು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಆ ಹುಡುಗಿಯರೇ ನಿಂತು ಹೇಳಿದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಸಭೆಯಲ್ಲಿ ಒಟ್ಟು ಲೆಕ್ಕ ಓದಬೇಕೇ ಹೊರತು ಯಾವ ಮಗುವಿನ ಹೆಸರನ್ನೂ ಅಂಕವನ್ನೂ ಓದಬಾರದು. ನಪಾಸಾದ ಮಗುವನ್ನು ಊರ ಮುಂದೆ ನಿಲ್ಲಿಸಿದರೆ ಅದು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಶಿಕ್ಷಕರನ್ನು ಅವಮಾನಿಸುವ ಸಭೆಯೂ ಬೇಡ. ಅಂಥ ಸಭೆಯಾದ ಮರುವರ್ಷ ಅಂಕಿ ಏರಬಹುದು. ಆದರೆ ಹಿಂದೆ ಬಿದ್ದ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿ ಏರಿಸಿದ ಅಂಕಿ ಅದಾಗಿರಬಹುದು. ಅದು ನಮಗೆ ಬೇಡ.

6. ನಮ್ಮ ಪಾಲಿನ ಲೆಕ್ಕ

ಶಾಲೆಯ ವರದಿಯಲ್ಲಿ ನಮ್ಮ ಮುಖವೂ ಕಾಣುತ್ತದೆ. ಹಾಜರಿ ಪುಸ್ತಕವನ್ನು ತಿಂಗಳುವಾರು ನೋಡಿದರೆ ನಾಟಿ, ಕಟಾವು, ಜಾತ್ರೆಯ ದಿನಗಳಲ್ಲಿ ಎಷ್ಟು ಮಕ್ಕಳು ಬಂದಿಲ್ಲ ಎಂದು ಗೊತ್ತಾಗುತ್ತದೆ. ಅವರನ್ನು ಹೊಲಕ್ಕೆ ಕಳಿಸಿದವರು ನಾವೇ. ದನ ಮೇಯಿಸಲು ಮಗಳನ್ನು ನಿಲ್ಲಿಸಿಕೊಂಡವರೂ ನಾವೇ. ಮೇಷ್ಟರ ಲೆಕ್ಕ ಕೇಳುವ ದಿನ ಈ ಲೆಕ್ಕವನ್ನೂ ಒಪ್ಪಿಸೋಣ. ಆಗ ನಮ್ಮ ಪ್ರಶ್ನೆಗೆ ತೂಕ ಬರುತ್ತದೆ.

ಚರ್ಚೆಗೆ ಪ್ರಶ್ನೆಗಳು

(ಅರಳಿಕಟ್ಟೆಯಲ್ಲಿ, ಯುವಕ ಸಂಘದಲ್ಲಿ, ಮಹಿಳಾ ಸಂಘದಲ್ಲಿ ಓದಿ ಚರ್ಚಿಸಿರಿ.)

1. ಮೂರು ವರ್ಷದ ಹಿಂದೆ ನಮ್ಮ ಊರಿನಿಂದ ಎಂಟನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು? ಅವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆ ಬರೆದರು?

2. ಬರೆಯದ ಪ್ರತಿಯೊಬ್ಬರೂ ಈಗ ಎಲ್ಲಿದ್ದಾರೆ? ಮರಳಿ ಓದಲು ಇಷ್ಟವಿರುವವರು ಯಾರು?

3. ಈ ವರ್ಷ ಯಾವ ವಿಷಯದ ಶಿಕ್ಷಕರಿಲ್ಲ? ಎಂದಿನಿಂದ?

4. ಶಾಲೆಯ ವರದಿ ಪತ್ರದಲ್ಲಿ ‘ಇದೆ’ ಎಂದಿರುವ ಯಾವುದು ನಡೆಯುತ್ತಿಲ್ಲ?

5. ಕಳೆದ ಸುಗ್ಗಿಯಲ್ಲಿ ನಮ್ಮ ಮನೆಯ ಮಗು ಎಷ್ಟು ದಿನ ಶಾಲೆ ತಪ್ಪಿಸಿತು?

ಮೊದಲ ಪ್ರಶ್ನೆಯನ್ನು ಈ ವಾರವೇ ಆರಂಭಿಸಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಊರಿನ ಮಕ್ಕಳ ಹೆಸರು ಊರಿನವರಿಗೆ ಗೊತ್ತೇ ಇದೆ.