ಬಾಸೆಲ್ ಪಟ್ಟಣದ ಒಂದು ಹಳೆಯ ಬೀದಿ

ಬಾಸೆಲ್ ಎಂಬ ಹೆಸರು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಹಂಚಿನ ಕಾರ್ಖಾನೆ, ನೆಯ್ಗೆ, ಮುದ್ರಣಾಲಯ, ಶಾಲೆ ಇವುಗಳೊಡನೆ ಅದು ಮನೆಮಾತಾಗಿದೆ. ಆದರೆ ಸ್ವಿಟ್ಸರ್ಲೆಂಡಿನ ಆ ಪಟ್ಟಣವು ಎಂತಹದೆಂದು ಬಲ್ಲವರು ಕೆಲವರೇ. ಆದಕಾರಣ ಅಲ್ಲಿಯ ರೈನ್‌ಸ್ಪ್ರುಂಗ್ ಎಂಬ ಚಿಕ್ಕ ಬೀದಿಯೊಂದರ ವೃತ್ತಾಂತವನ್ನು ಇಲ್ಲಿ ಹೇಳಲಿಚ್ಛಿಸುತ್ತೇವೆ.

ಬಾಸೆಲಿನಲ್ಲಿ ರೈನ್ ನದಿಗೆ 13ನೆಯ ಶತಮಾನದಲ್ಲಿಯೇ ಸೇತುವೆಯನ್ನು ಕಟ್ಟಿದ್ದರು; ಅದರ ಸ್ಥಾನದಲ್ಲಿ ಈಗಿರುವ ಸೇತುವೆಯು 1905ರದು. ಅದರ ಬಳಿಯಿಂದ ಹೊರಟು, ದಡದ ದಿಣ್ಣೆಯನ್ನೇರಿ, ಪಟ್ಟಣದ ಮಹಾದೇವಾಲಯದ ಕಡೆಗೆ ಹೋಗುವ ಏರುದಾರಿಯೇ ಈ ಬೀದಿ. ಮರದ ಚೌಕಟ್ಟಿನ ಹಳೆಯ ಮನೆಗಳು ಇಲ್ಲಿ ಇನ್ನೂ ಉಳಿದಿವೆ.

ಬೀದಿಯ ಒಂದೆಡೆ ಇಕ್ಕಟ್ಟಾದ ಮೆಟ್ಟಲುದಾರಿಯುಂಟು. ಅದಕ್ಕೆ ‘ಹನ್ನೊಂದು ಸಾವಿರ ಕನ್ಯೆಯರ ಓಣಿ’ ಎಂದು ಹೆಸರು. ಸಂತ ಉರ್ಸುಲಳೂ ಆಕೆಯ ಸಂಗಡಿಗರೂ ಈ ದಾರಿಯಾಗಿ ಹತ್ತಿ ಹೋದರೆಂಬುದು ಐತಿಹ್ಯ. ಮೆಟ್ಟಲುಗಳ ಮೇಲ್ಗಡೆ ಸಂತ ಮಾರ್ಟಿನರ ದೇವಾಲಯವಿದೆ. ಅಲ್ಲಿಯ ಸಭಾಪಾಲಕರಾಗಿದ್ದ ನಿಕೊಲಾಸ್ ಫೊನ್ ಬ್ರುನ್ನರು 1815ರಲ್ಲಿ ಬಾಸೆಲ್ ಮಿಶನ್ನನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಆ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು.

ಬೀದಿಯ ಮೇಲುಭಾಗದಲ್ಲಿ ‘ನೀಲಿ ಮನೆ’, ‘ಬಿಳಿ ಮನೆ’ ಎಂಬ ಎರಡು ಭವ್ಯ ಸೌಧಗಳಿವೆ. ರೇಷ್ಮೆಪಟ್ಟಿಯ ವ್ಯಾಪಾರದಿಂದ ಧನಿಕರಾದ ಲೂಕಾಸ್ ಮತ್ತು ಯಾಕೊಬ್ ಸರಸಿನ್ ಸಹೋದರರಿಗಾಗಿ ಸಾಮುವೇಲ್ ವೆರೆನ್‌ಫೆಲ್ಸನೆಂಬ ಶಿಲ್ಪಿಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಇವುಗಳನ್ನು ಕಟ್ಟಿದನು. ಆ ಕಾಲದಲ್ಲಿ ಬಾಸೆಲಿನ ವರ್ತಕರಿಗಾಗಿ ರೇಷ್ಮೆಪಟ್ಟಿಯನ್ನು ನೆಯ್ಯುತ್ತಿದ್ದವರು ಸುತ್ತಲಿನ ಹಳ್ಳಿಗಳ ಬಡ ಕುಟುಂಬದವರು. ಸ್ತ್ರೀಯರೂ ಮಗ್ಗದ ಮುಂದೆ ಕುಳಿತು ದುಡಿಯುತ್ತಿದ್ದರು.

ಎದುರುಗಡೆ, ನದಿಯ ಬದಿಗೆ, ವಿಶ್ವವಿದ್ಯಾಲಯದ ಹಳೆಯ ಕಟ್ಟಡವಿದೆ. 1460ರಲ್ಲಿ ಆರಂಭವಾದ ಈ ವಿದ್ಯಾಪೀಠದಲ್ಲಿ ಬೆರ್ನೂಲಿ ಮನೆತನದ ಗಣಿತಜ್ಞರು ಬೋಧಿಸಿದರು. ಆಯ್ಲರನು 1720ರಲ್ಲಿ ತನ್ನ 13ನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಾಗಿ ಸೇರಿದನು. ಆದರೆ ಅದೇ ಊರಿನ ಹೆಣ್ಣುಮಕ್ಕಳಿಗೆ ಈ ಬಾಗಿಲು 430 ವರುಷ ಮುಚ್ಚಿಯೇ ಇತ್ತು. 1890ರಲ್ಲಿ ಎಮಿಲಿಯೆ ಫ್ರೈ ಎಂಬಾಕೆಯು ಮೊದಲನೆಯ ವಿದ್ಯಾರ್ಥಿನಿಯಾಗಿ ಪ್ರವೇಶಿಸಿ, ವೈದ್ಯಶಾಸ್ತ್ರವನ್ನು ಕಲಿತು ಡಾಕ್ಟರಳಾದಳು.

ಇದಕ್ಕಿಂತ ಏಳು ವರುಷ ಮುಂಚೆಯೇ, 1883ರಲ್ಲಿ, ನಮ್ಮ ದೇಶದ ಚಂದ್ರಮುಖಿ ಬಸು ಮತ್ತು ಕಾದಂಬಿನಿ ಇವರೀರ್ವರು ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿಯನ್ನು ಪಡೆದಿದ್ದರು. ಆ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1857ರಲ್ಲಿ. ಹೀಗೆ ನಮ್ಮಲ್ಲಿ 26 ವರುಷಗಳಲ್ಲಿ ಆದ ಕಾರ್ಯಕ್ಕೆ ಅಲ್ಲಿ ನಾಲ್ಕು ಶತಮಾನಗಳು ಬೇಕಾದವು.

ವಿಶ್ವವಿದ್ಯಾಲಯದ ಮುಖ್ಯ ಸ್ಥಾನವು 1939ರಲ್ಲಿ ಬೇರೆಡೆಯ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಮನೆಯಾದರೋ ನದಿಯನ್ನು ನೋಡುತ್ತಾ ನಿಂತಿದೆ.

ಹೈಸ್ಕೂಲು ಮುಗಿದೊಡನೆ ಮಗಳಿಗೆ ಇಷ್ಟು ಓದು ಸಾಕೆಂದೆನ್ನುವ ತಂದೆತಾಯಿಗಳನ್ನು ನಾವು ಇಂದಿಗೂ ಕಾಣುತ್ತೇವೆ. ಅವರಿಗೆ ನಾವು ವಿನಯದಿಂದ ಹೇಳುವುದಿಷ್ಟೇ: ಹೊರಗಿನ ಬಾಗಿಲು ಈಗ ತೆರೆದಿದೆ, ಮನೆಯ ಬಾಗಿಲನ್ನು ಮುಚ್ಚಬೇಡಿರಿ.