ಪ್ರವಾಸ ಸಾಹಿತ್ಯ: ಹೊರಗೆ ಹೋದವರು ಕಂಡ ಮನೆ

1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡ ಪ್ರವಾಸ ಕಥನ ಯಾವುದು? 'ಅಮೆರಿಕದಲ್ಲಿ ಗೊರೂರು'. ಲೇಖಕರು ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991). ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಈ ಶೀರ್ಷಿಕೆಯ ಮುಂದೆ ಒಂದು ನಿಮಿಷ ನಿಲ್ಲಿ. ಗೊರೂರು ಎಂಬುದು ಲೇಖಕರ ಹೆಸರೂ ಹೌದು, ಹಾಸನ ಜಿಲ್ಲೆಯಲ್ಲಿ ಹೇಮಾವತಿ ದಂಡೆಯ ಅವರ ಹುಟ್ಟೂರೂ ಹೌದು. ಅಮೆರಿಕಕ್ಕೆ ಹೋದದ್ದು ಬರೀ ವ್ಯಕ್ತಿಯಲ್ಲ, ಜೊತೆಗೆ ಆ ಊರೂ ಹೋಯಿತು ಎಂದು ಎರಡೇ ಪದಗಳು ಹೇಳುತ್ತವೆ. 'ಹಳ್ಳಿಯ ಚಿತ್ರಗಳು' ಬರೆದ ಕಣ್ಣೇ ಅಲ್ಲಿಯ ಬದುಕನ್ನೂ ನೋಡಿತು. ನನ್ನ ಮಟ್ಟಿಗೆ ಕನ್ನಡ ಪ್ರವಾಸ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ಇನ್ನೊಂದಿಲ್ಲ.

ಉಳಿದ ಮುಖ್ಯ ಕೃತಿಗಳು: ವಿ.ಕೃ. ಗೋಕಾಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಬೂವಿನಿಂದ ಬರಾಮಕ್ಕೆ' ಮತ್ತು 'ಅಪೂರ್ವ ಪಶ್ಚಿಮ', ವಿ. ಸೀತಾರಾಮಯ್ಯನವರ 'ಪಂಪಾ ಯಾತ್ರೆ' (ಹಂಪಿ ಕುರಿತದ್ದು), ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ', ರಹಮತ್ ತರೀಕೆರೆಯವರ 'ಅಂಡಮಾನ್ ಕನಸು'. ಹೊರಗಿನವರು ನಮ್ಮನ್ನು ಕಂಡ ಬಗೆ ತಿಳಿಯಲು ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಿವೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' (ಅಕಾಡೆಮಿ ಪ್ರಶಸ್ತಿ, 1978) ಸಸ್ಯಶಾಸ್ತ್ರದ ಪುಸ್ತಕವಾದರೂ ಕಾಡು ಸುತ್ತಿದ ಅನುಭವವೇ ಅದರ ಜೀವಾಳ.

ಹೊಂದಿಸಿ ಬರೆಯುವಾಗ ಎಚ್ಚರ: 'ನಾನೂ ಅಮೆರಿಕೆಗೆ ಹೋಗಿದ್ದೆ' ಗೊರೂರರದ್ದಲ್ಲ, ಕೃಷ್ಣಾನಂದ ಕಾಮತರದ್ದು.